ದೇಶಾಂತರ: ಮುಂಬಯಿ ಮತ್ತು ಲಂಡನ್ ನಗರಗಳ ನಡುವಣ ದೂರವೂ ಕಾಲವೂ

‘ದೇಶಾಂತರ’ವೆಂಬ ಪದವು ನಮ್ಮ ಪ್ರಾಚೀನ ಶಾಸ್ತ್ರಗಳಲ್ಲಿ ಎರಡು ಬೇರೆ ಬೇರೆ ಅರ್ಥಗಳಲ್ಲಿ ಪ್ರಯುಕ್ತವಾಗಿದೆ. ಜ್ಯೋತಿಷಸಿದ್ಧಾಂತಗಳಲ್ಲಿ ಅದು ಒಂದು ಗಣಿತಸಂಸ್ಕಾರದ ಹೆಸರು. ಲಂಕೆ, ಅವಂತಿ, ಕುರುಕ್ಷೇತ್ರಗಳ ಮೇಲೆ ಹಾದುಹೋಗುವ ಮಧ್ಯರೇಖೆಯಿಂದ ನಮ್ಮ ಊರು ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ದೂರವಿದೆಯೋ, ಅದಕ್ಕೆ ತಕ್ಕಂತೆ ಕಾಲದಲ್ಲಿ ಮಾಡಿಕೊಳ್ಳಬೇಕಾದ ವ್ಯತ್ಯಾಸವೇ ಆ ದೇಶಾಂತರವು. ಧರ್ಮಶಾಸ್ತ್ರದಲ್ಲಾದರೋ ಅದು ಪರದೇಶವೆಂಬ ಅರ್ಥವುಳ್ಳದ್ದು. ದೂರದಲ್ಲಿ ಮೃತನಾದ ಬಂಧುವಿನ ಸುದ್ದಿಯು ತಡವಾಗಿ ಬಂದರೆ ಆಶೌಚವನ್ನು ಹೇಗೆ ಆಚರಿಸಬೇಕೆಂಬ ಪ್ರಸಂಗದಲ್ಲಿ, ಯಾವುದು ದೇಶಾಂತರ, ಯಾವುದು ಅಲ್ಲ ಎಂಬ ಚರ್ಚೆಯು ಬರುತ್ತದೆ. ಮಹಾನದಿಯು ಅಡ್ಡವಾಗಿದ್ದರೆ ದೇಶಾಂತರವೆಂದೂ, ಪರ್ವತವು ಅಡ್ಡವಾಗಿದ್ದರೆ ದೇಶಾಂತರವೆಂದೂ, ಮಾತು ಬೇರೆಯಾದರೆ ದೇಶಾಂತರವೆಂದೂ ನಿಬಂಧಕಾರರು ಹಲವು ಲಕ್ಷಣಗಳನ್ನು ಸಂಗ್ರಹಿಸಿದ್ದಾರೆ. ಅವುಗಳಲ್ಲಿ ಒಂದು ಲಕ್ಷಣವು ಮಾತ್ರ ಬಹು ಸೂಕ್ಷ್ಮವಾದುದು: ಹತ್ತು ರಾತ್ರಿಗಳೊಳಗಾಗಿ ಎಲ್ಲಿಯ ಸುದ್ದಿಯು ನಮಗೆ ಕೇಳಿಬರಲಾರದೋ ಅದು ದೇಶಾಂತರವು.

ಈ ಲಕ್ಷಣವನ್ನು ಮಾಡಿದವರು ದೂರವನ್ನು ಯೋಜನಗಳಿಂದ ಅಳೆಯಲಿಲ್ಲ, ಕಾಲದಿಂದ ಅಳೆದರು. ನೆಲವು ಎಷ್ಟು ಉದ್ದವಾಗಿ ಹಾಸಿದೆ ಎಂಬುದಕ್ಕಿಂತ, ಅದನ್ನು ದಾಟಲು ಎಷ್ಟು ಹೊತ್ತು ಹಿಡಿಯುವುದೆಂಬುದೇ ಮನುಷ್ಯನ ಸುಖದುಃಖಗಳಿಗೆ ಸಂಬಂಧಪಟ್ಟ ವಿಷಯವೆಂಬುದು ಅವರ ಅಭಿಪ್ರಾಯವಾಗಿದ್ದಿರಬೇಕು. ಇದನ್ನೇ ಒರೆಗಲ್ಲಾಗಿ ಇಟ್ಟುಕೊಂಡು, ಮುಂಬಯಿ ಮತ್ತು ಲಂಡನ್ ನಗರಗಳ ನಡುವಣ ಮಾರ್ಗದ ಇತಿಹಾಸವನ್ನು ವಾಚಕರ ಮುಂದಿಡಬೇಕೆಂದು ಈ ಲೇಖನದ ಉದ್ದೇಶ. ಆ ಎರಡು ನಗರಗಳನ್ನೇ ಆರಿಸಿಕೊಂಡುದಕ್ಕೆ ಕಾರಣವನ್ನು ಹೇಳಬೇಕಾದುದಿಲ್ಲ. ನಮ್ಮ ದೇಶದ ಎರಡು ಮೂರು ಶತಮಾನಗಳ ಭಾಗ್ಯದುರ್ಭಾಗ್ಯಗಳು ಆ ದಾರಿಯಲ್ಲಿಯೇ ಸಂಚರಿಸಿದವು. ಈಗಲೂ ನಮ್ಮ ಮನೆಗಳ ಮಕ್ಕಳಲ್ಲಿ ಎಷ್ಟೋ ಜನರು ಆ ದಾರಿಯಲ್ಲಿ ಹೋಗಿ ಬರುತ್ತಿದ್ದಾರೆ.

ಮೊದಲು ದೂರವನ್ನು ನಿಶ್ಚಯಿಸಿಕೊಳ್ಳೋಣ. ಗೋಳದ ಮೇಲಿನ ಎರಡು ಸ್ಥಾನಗಳ ನಡುವೆ ಅತ್ಯಂತ ಹ್ರಸ್ವವಾದ ಮಾರ್ಗವು ಮಹಾವೃತ್ತದ ಒಂದು ಖಂಡವಾಗಿರುತ್ತದೆ. ಶಾಲೆಯ ಭೂಗೋಲದ ಮೇಲೆ ಮುಂಬಯಿಯಿಂದ ಲಂಡನ್ನಿಗೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ ಆ ಮಾರ್ಗವು ತಾನಾಗಿಯೇ ಕಾಣುವುದು. ಅದರ ಉದ್ದವು ಸುಮಾರು ೭,೨೦೦ ಕಿಲೋಮೀಟರು, ಎಂದರೆ ೪,೪೮೦ ಮೈಲಿ. ಹರದಾರಿಗೆ ಮೂರು ಮೈಲಿಯಂತೆ ಹಿಡಿದರೆ ಹೆಚ್ಚು ಕಡಿಮೆ ೧,೫೦೦ ಹರದಾರಿ. ಆ ದಾರವು ಸೌರಾಷ್ಟ್ರವನ್ನು ದಾಟಿ, ಕರಾಚಿಯ ಪಕ್ಕದಲ್ಲಿಯೇ ಹಾದು, ಬಲೂಚಿಸ್ತಾನ ಇರಾನ್ ದೇಶಗಳ ಮೇಲೆ ನಡೆದು, ಕಾಕಸಸ್ ಪರ್ವತಪ್ರಾಂತವನ್ನೂ ಕಪ್ಪು ಸಮುದ್ರದ ಅಂಚನ್ನೂ ಸೋಕಿ, ಯುಕ್ರೇನ್, ಪೋಲೆಂಡ್, ಜರ್ಮನಿಗಳ ಮೇಲಿನಿಂದ ಇಂಗ್ಲೆಂಡನ್ನು ಸೇರುತ್ತದೆ. ಎರಡು ನಗರಗಳ ರೇಖಾಂಶಗಳ ಅಂತರವು ೭೩ ಅಂಶಗಳು. ಭೂಮಿಯು ಒಂದು ಗಳಿಗೆಗೆ ೬ ಅಂಶಗಳಷ್ಟು ತಿರುಗುವುದರಿಂದ, ಮುಂಬಯಿಯಲ್ಲಿ ನಡುಹಗಲಾದ ಮೇಲೆ ಲಂಡನ್ನಿನಲ್ಲಿ ನಡುಹಗಲಾಗಲು ೧೨ ಗಳಿಗೆಗಳಿಗೂ ಸ್ವಲ್ಪ ಹೆಚ್ಚು ಕಾಲ ಬೇಕು. ಇದು ಸಿದ್ಧಾಂತಿಗಳ ದೇಶಾಂತರ. ಇದು ಆರ್ಯಭಟನ ಕಾಲದಲ್ಲಿ ಎಷ್ಟಿದ್ದಿತೋ ಈಗಲೂ ಅಷ್ಟೇ ಇದೆ. ಬದಲಾದುದು ಇನ್ನೊಂದು ದೇಶಾಂತರವು.

ಸೂರತ್ತು ಮುಂಬಯಿಗಳಿಗೆ ಬರುತ್ತಿದ್ದ ಆಂಗ್ಲೇಯರ ಹಾಯಿಹಡಗುಗಳಿಗೆ ಈ ದಾರದ ಮಾರ್ಗವು ಯಾವ ಪ್ರಯೋಜನಕ್ಕೂ ಬಾರದು. ಅವು ಆಫ್ರಿಕಾ ಖಂಡವನ್ನೆಲ್ಲ ಬಳಸಿ, ಗುಡ್ ಹೋಪ್ ಭೂಶಿರವನ್ನು ಸುತ್ತಿ ಬರಬೇಕಾಗಿತ್ತು. ಈ ಜಲಮಾರ್ಗವನ್ನು ಪಾಶ್ಚಾತ್ಯರಿಗೆ ತೆರೆದುಕೊಟ್ಟ ವಾಸ್ಕೋ ಡ ಗಾಮನು ೧೪೯೭ನೆಯ ಜುಲೈ ತಿಂಗಳಲ್ಲಿ ಲಿಸ್ಬನ್ನನ್ನು ಬಿಟ್ಟು ೧೪೯೮ನೆಯ ಮೇ ತಿಂಗಳಲ್ಲಿ ಕಲ್ಲೀಕೋಟೆಯನ್ನು ಮುಟ್ಟಿದನು. ಮುಂದೆ ನಾವಿಕರಿಗೆ ಗಾಳಿಗಳ ಪರಿಚಯವಾದಂತೆಲ್ಲ ಈ ಹತ್ತು ತಿಂಗಳು ಐದಾರು ತಿಂಗಳಿಗೆ ಇಳಿಯಿತು. ಆದರೆ ಗಾಳಿಯು ಯಾರ ಆಳೂ ಅಲ್ಲ. ರಾಬರ್ಟ್ ಕ್ಲೈವನು ಮೊದಲನೆಯ ಸಲ ೧೭೪೩ರಲ್ಲಿ ಇಂಗ್ಲೆಂಡಿನಿಂದ ಹೊರಟಾಗ ಅವನ ಹಡಗು ಬ್ರೆಜಿಲ್ ದೇಶದ ತೀರದಲ್ಲಿ ಒಂಬತ್ತು ತಿಂಗಳು ನಿಂತುಹೋಗಿ, ಅವನು ಮದರಾಸನ್ನು ಸೇರಿದುದು ೧೭೪೪ನೆಯ ವರ್ಷದಲ್ಲಿ. ಮಳೆಗಾಲದ ಮಾರುತವು ತಪ್ಪಿದರೆ ಒಂದು ಪತ್ರವನ್ನು ಬರೆದು ಅದಕ್ಕೆ ಉತ್ತರವನ್ನು ಪಡೆಯಲು ಎರಡು ವರ್ಷಗಳೇ ಹಿಡಿಯುತ್ತಿದ್ದುವು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಭೂಶಿರವನ್ನು ಬಳಸುವ ಜಲಮಾರ್ಗದ ಉದ್ದವು ಸುಮಾರು ೧೯,೮೦೦ ಕಿಲೋಮೀಟರು. ಇದನ್ನು ೧೫೦ ದಿನಗಳಲ್ಲಿ ದಾಟಿದರೆ ದಿನಕ್ಕೆ ೧೩೨ ಕಿಲೋಮೀಟರು, ಗಂಟೆಗೆ ಐದೂವರೆ ಕಿಲೋಮೀಟರು ಆಗುತ್ತದೆ. ಚುರುಕಾಗಿ ನಡೆಯುವ ಮನುಷ್ಯನ ಹೆಜ್ಜೆಯ ವೇಗವೂ ಇಷ್ಟೇ! ಸಾಮ್ರಾಜ್ಯಗಳನ್ನು ಕಟ್ಟಿದ ಆ ಭಾರಿ ಹಡಗುಗಳು, ಹಗಲಿರುಳೂ ನಿಲ್ಲದೆ ಹೋಗುತ್ತಿದ್ದುವೆಂಬುದನ್ನು ಬಿಟ್ಟರೆ, ಸರಾಸರಿಯಲ್ಲಿ ಒಬ್ಬ ಅಂಚೆಯಾಳಿಗಿಂತ ಹೆಚ್ಚು ವೇಗದಿಂದ ಸಂಚರಿಸಲಿಲ್ಲ.

ಇಂತಹ ನಿಧಾನದ ಫಲವು ಕೇವಲ ವ್ಯಾಪಾರದ ನಷ್ಟವಾಗಿರಲಿಲ್ಲ. ಅದರಲ್ಲಿ ಪ್ರಾಣಗಳು ಹೋದುವು. ನಮ್ಮ ನಾಡಿಗೇ ಸಂಬಂಧಪಟ್ಟ ಒಂದು ನಿದರ್ಶನವನ್ನು ಕೊಡುತ್ತೇನೆ. ಎರಡನೆಯ ಮೈಸೂರು ಯುದ್ಧದ ಕಾಲದಲ್ಲಿ ಫ್ರೆಂಚರು ಹೈದರಾಲಿಗೂ ಅವನ ತರುವಾಯ ಟಿಪ್ಪುವಿಗೂ ಮಿತ್ರರಾಗಿ ಆಂಗ್ಲೇಯರೊಡನೆ ಕಾದುತ್ತಿದ್ದರು. ೧೭೮೩ನೆಯ ಜನವರಿ ೨೦ನೆಯ ದಿನ ಯೂರೋಪಿನಲ್ಲಿ ಆ ಎರಡು ರಾಜ್ಯಗಳವರೂ ಸಂಧಿಯ ಪ್ರಾಥಮಿಕ ನಿಬಂಧನೆಗಳಿಗೆ ಸಹಿ ಹಾಕಿದರು. ಆ ಸುದ್ದಿಯು ನಮ್ಮ ದೇಶಕ್ಕೆ ಬರುವಷ್ಟರಲ್ಲಿ ಐದು ತಿಂಗಳು ಕಳೆದಿದ್ದುವು. ಜೂನ್ ತಿಂಗಳಲ್ಲಿ ಕಡಲೂರಿನ ಬಳಿ ನೆಲದ ಮೇಲೆ ಘೋರವಾದ ಕದನವಾಯಿತು. ಅದೇ ತಿಂಗಳು ೨೦ರಂದು, ಸಂಧಿಯಾಗಿ ಸರಿಯಾಗಿ ಐದು ತಿಂಗಳು ತುಂಬಿದ ದಿನ, ಸುಫ್ರೆನ್ ಮತ್ತು ಹ್ಯೂಸ್ ಎಂಬ ಎರಡು ಪಕ್ಷಗಳ ನೌಕಾಧಿಪತಿಗಳು ಕಡಲೂರಿನ ಮುಂದಣ ಸಮುದ್ರದಲ್ಲಿ ಪರಸ್ಪರ ಗುಂಡುಗಳನ್ನು ಸುರಿಸಿದರು. ಸುದ್ದಿಯು ಬಂದುದು ತಿಂಗಳ ಕೊನೆಯಲ್ಲಿ. ಆಗಲೇ ಮುಗಿದುಹೋಗಿದ್ದ ಯುದ್ಧದಲ್ಲಿ ಅಷ್ಟು ಜನ ಮಡಿದರು. ಅವರನ್ನು ಕೊಂದುದು ದ್ವೇಷವಲ್ಲ, ದೂರ.

ಆ ಸುದ್ದಿಯು ಬಂದ ಕೂಡಲೆ ಮತ್ತೊಂದು ಪರಿಣಾಮವೂ ಆಯಿತು. ಆಗ ಟಿಪ್ಪುವು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದನು. ಅವನ ಜೊತೆಗಿದ್ದ ಫ್ರೆಂಚ್ ಪಡೆಯು, ತಮ್ಮ ರಾಜರಿಗೆ ಸಂಧಿಯಾಯಿತೆಂದು, ಮುತ್ತಿಗೆಯಿಂದ ಹಿಂದೆಗೆಯಿತು. ಮುತ್ತಿಗೆಯು ದೀರ್ಘವಾಗಿ ಬೆಳೆದು, ಕೊನೆಗೆ ೧೭೮೪ನೆಯ ಮಾರ್ಚ್ ೧೧ರಂದು ಮಂಗಳೂರಿನ ಒಪ್ಪಂದವಾಯಿತು. ಕರಾವಳಿಯ ಒಂದು ಕೋಟೆಯ ಗತಿಯು ಸಾವಿರಾರು ಹರದಾರಿ ಆಚೆಯಿಂದ ಕಾಲ್ನಡಿಗೆಯ ವೇಗದಲ್ಲಿ ಬರುತ್ತಿದ್ದ ಒಂದು ಕಾಗದವನ್ನು ಅವಲಂಬಿಸಿಕೊಂಡಿತ್ತು. ಮುಂದೆ ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ಮಡಿದ ವರ್ತಮಾನವೂ ಲಂಡನ್ನನ್ನು ಮುಟ್ಟಿದುದು ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ. ರಾಜ್ಯವು ಯಾರ ಕೈಸೇರಬೇಕೆಂಬುದು ಆ ಹೊತ್ತಿಗೆ ಇಲ್ಲಿಯೇ ನಿರ್ಣಯವಾಗಿ ಹೋಗಿತ್ತು. ಕಂಪೆನಿಯ ಗವರ್ನರುಗಳು ಮೊದಲು ಕಾರ್ಯವನ್ನು ಮಾಡಿ ಆಮೇಲೆ ಅಪ್ಪಣೆಯನ್ನು ಕೇಳುತ್ತಿದ್ದರೆಂಬ ಆಕ್ಷೇಪಕ್ಕೆ ಅವರ ಸ್ವಭಾವವು ಎಷ್ಟು ಕಾರಣವೋ ಸಮುದ್ರವೂ ಅಷ್ಟೇ ಕಾರಣವು.

ಉಗಿಯಂತ್ರವು ಬಂದು ಈ ಸ್ಥಿತಿಯನ್ನು ಮೆಲ್ಲಮೆಲ್ಲನೆ ಬದಲಾಯಿಸಿತು. ೧೮೨೫ರಲ್ಲಿ ‘ಎಂಟರ್‌ಪ್ರೈಸ್’ ಎಂಬ ಉಗಿಹಡಗು ಭೂಶಿರವನ್ನು ಬಳಸಿ ೧೧೩ ದಿನಗಳಲ್ಲಿ ಇಂಗ್ಲೆಂಡಿನಿಂದ ಕಲ್ಕತ್ತೆಗೆ ಬಂದಿತು. ಹಾಯಿಹಡಗಿಗಿಂತ ಇದು ಬಹಳ ಮೇಲೆಂದು ಹೇಳುವಂತಿರಲಿಲ್ಲ. ನಿಜವಾದ ಬದಲಾವಣೆಯು ಬಂದುದು ದಾರಿಯನ್ನು ಬದಲಾಯಿಸಿದಾಗ. ಮುಂಬಯಿಯ ಹಡಗುಕಟ್ಟೆಯಲ್ಲಿಯೇ ನಿರ್ಮಿತವಾದ ‘ಹ್ಯೂ ಲಿಂಡ್ಸೆ’ ಎಂಬ ಉಗಿಹಡಗು ೧೮೩೦ನೆಯ ಮಾರ್ಚ್ ೨೦ರಂದು ಹೊರಟು, ಏಡನ್ನಿನ ಮೇಲಿನಿಂದ ಕೆಂಪು ಸಮುದ್ರವನ್ನು ಹೊಕ್ಕು, ಸುಮಾರು ಒಂದು ತಿಂಗಳಲ್ಲಿ ಸುಯೆಜ್ ಬಂದರನ್ನು ಸೇರಿತು. ಏಡನ್ನಿನವರೆಗೆ ಸಾಲುವಷ್ಟು ಕಲ್ಲಿದ್ದಲನ್ನು ಹಿಡಿಸುವ ಉಗ್ರಾಣವು ಆ ಹಡಗಿನಲ್ಲಿ ಇರಲಿಲ್ಲವಾದ ಕಾರಣ ಪ್ರಯಾಣಿಕರ ಕೋಣೆಗಳಲ್ಲಿಯೂ ಇದ್ದಲನ್ನೇ ತುಂಬಿದ್ದರು. ಸುಯೆಜಿನಿಂದ ಅಲೆಕ್ಸಾಂಡ್ರಿಯಾವರೆಗೆ ಮರುಭೂಮಿಯನ್ನು ಒಂಟೆಗಳ ಮೇಲೂ ಗಾಡಿಗಳಲ್ಲೂ ದಾಟಿ, ಅಲ್ಲಿಂದ ಬೇರೊಂದು ಹಡಗನ್ನು ಹಿಡಿಯುವ ಏರ್ಪಾಡಿಗೆ ಥಾಮಸ್ ವ್ಯಾಗ್‌ಹಾರ್ನನೆಂಬ ಸಾಹಸಿಯು ತನ್ನ ಆಯುಸ್ಸನ್ನು ಸವೆಸಿದನು. ೧೮೪೦ರ ದಶಕದಲ್ಲಿ ಮುಂಬಯಿಯ ಟಪಾಲು ಸುಮಾರು ಒಂದೂವರೆ ತಿಂಗಳೊಳಗೆ ಲಂಡನ್ನನ್ನು ಸೇರುವಂತಾಯಿತು. ೧೮೫೮ರ ಹೊತ್ತಿಗೆ ಅಲೆಕ್ಸಾಂಡ್ರಿಯಾದಿಂದ ಸುಯೆಜಿನವರೆಗೂ ರೈಲುಗಾಡಿಯು ಓಡತೊಡಗಿತು.

ಆದರೂ ಹತ್ತು ರಾತ್ರಿಗಳ ಲಕ್ಷಣದಂತೆ ಲಂಡನ್ ಇನ್ನೂ ದೇಶಾಂತರವಾಗಿಯೇ ಇತ್ತು. ೧೮೫೭ನೆಯ ಮೇ ೧೦ರಂದು ಮೀರತ್ತಿನಲ್ಲಿ ಎದ್ದ ದಂಗೆಯ ಸುದ್ದಿಯು ಲಂಡನ್ನನ್ನು ತಲಪಿದುದು ಜೂನ್ ತಿಂಗಳ ಅಂತ್ಯದಲ್ಲಿ. ಅಷ್ಟರಲ್ಲಿ ದಿಲ್ಲಿಯು ಸಿಪಾಯಿಗಳ ವಶವಾಗಿ ತಿಂಗಳ ಮೇಲೆ ಆಗಿತ್ತು.

೧೮೬೯ನೆಯ ನವೆಂಬರ್ ೧೭ರಂದು ಸುಯೆಜ್ ಕಾಲುವೆಯು ತೆರೆಯಲ್ಪಟ್ಟಿತು. ಮುಂಬಯಿ ಲಂಡನ್ನುಗಳ ಜಲಮಾರ್ಗವು ೧೯,೮೦೦ ಕಿಲೋಮೀಟರಿನಿಂದ ಸುಮಾರು ೧೧,೫೦೦ ಕಿಲೋಮೀಟರಿಗೆ ಇಳಿಯಿತು. ಕೇವಲ ಮಣ್ಣನ್ನು ತೋಡಿ, ಎಂಟು ಸಾವಿರ ಕಿಲೋಮೀಟರುಗಳನ್ನು ಭೂಪಟದಿಂದ ಅಳಿಸಿಹಾಕಿದಂತಾಯಿತು. ಅದರ ಬೆನ್ನಲ್ಲಿಯೇ, ೧೮೭೦ರಲ್ಲಿ, ಮುಂಬಯಿಯಿಂದ ಏಡನ್, ಸುಯೆಜುಗಳ ಮಾರ್ಗವಾಗಿ ಸಮುದ್ರದೊಳಗಿನ ತಂತಿಯು ಇಂಗ್ಲೆಂಡನ್ನು ಮುಟ್ಟಿತು. ಅದಕ್ಕೆ ಐದು ವರ್ಷ ಮೊದಲೇ ಪಾರಸೀಕ ಕೊಲ್ಲಿಯ ಮಾರ್ಗವಾಗಿ ತಂತಿಯ ಸಂಬಂಧವು ಏರ್ಪಟ್ಟಿದ್ದರೂ, ಹಲವು ರಾಜ್ಯಗಳ ನೆಲದ ಮೇಲೆ ಹಾದುಬರುತ್ತಿದ್ದ ಆ ಸುದ್ದಿಗಳು ತಡವಾಗಿಯೂ ತಪ್ಪುತಪ್ಪಾಗಿಯೂ ಸೇರುತ್ತಿದ್ದುವು. ಈಗ ಸುದ್ದಿಯು ದಿನಗಳನ್ನು ಬಿಟ್ಟು ನಿಮಿಷಗಳ ಲೆಕ್ಕಕ್ಕೆ ಬಂದಿತು. ಆದಕಾರಣ ಸುದ್ದಿಯ ಮಟ್ಟಿಗೆ ಲಂಡನ್ ಮುಂಬಯಿಗೆ ದೇಶಾಂತರವಾಗಿರುವುದು ನಿಂತುಹೋದುದು ಈ ೧೮೭೦ನೆಯ ವರ್ಷದಲ್ಲಿ ಎನ್ನಬಹುದು. ಶಾಸ್ತ್ರವನ್ನು ಅಕ್ಷರಶಃ ಅನ್ವಯಿಸುವುದಾದರೆ, ಅಂದಿನಿಂದ ಅಲ್ಲಿ ಮಡಿದವನ ಬಂಧುವಿಗೆ ಇಲ್ಲಿ ಹತ್ತನೆಯ ದಿನದೊಳಗೇ ಅಳಲು ಅವಕಾಶವುಂಟಾಯಿತು. ಶೋಕವೂ ಕಾಲಕ್ಕೆ ಸರಿಯಾಗಿ ಬರುವಂತಾದುದು ಅಲ್ಪವಾದ ಲಾಭವಲ್ಲ.

ಆದರೆ ಸುದ್ದಿಯು ಬಂದರೂ ಮನುಷ್ಯನು ಬರಲಾರನು. ಜೂಲ್ಸ್ ವರ್ನನ ‘ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ’ಯ ಕಥಾನಾಯಕನು ಮಾಡಿಕೊಂಡ ಲೆಕ್ಕದಲ್ಲಿ ಲಂಡನ್ನಿನಿಂದ ಸುಯೆಜಿಗೆ ಏಳು ದಿನ, ಸುಯೆಜಿನಿಂದ ಮುಂಬಯಿಗೆ ಹದಿಮೂರು ದಿನ. ಕಥೆಯಾದರೂ ಈ ಇಪ್ಪತ್ತು ದಿನಗಳು ಆ ಕಾಲಕ್ಕೆ ಸಲ್ಲುವ ಲೆಕ್ಕವೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಲಂಡನ್ನಿನಿಂದ ರೈಲಿನಲ್ಲಿ ದಕ್ಷಿಣ ಯೂರೋಪಿನ ಬಂದರಿಗೆ ಬಂದು ಹಡಗನ್ನೇರಿದರೆ ಹೆಚ್ಚು ಕಡಿಮೆ ಎರಡು ವಾರಗಳಲ್ಲಿ ಮುಂಬಯಿಯನ್ನು ಸೇರಬಹುದಾಗಿತ್ತು. ನಮ್ಮವರಲ್ಲಿ ಓದಿಗಾಗಿ ವಿಲಾಯತಿಗೆ ಹೋದವರೆಲ್ಲರೂ ಈ ಹಡಗುಗಳಲ್ಲಿಯೇ ಹೋದವರು. ಸಮುದ್ರಯಾನವು ನಿಷಿದ್ಧವೆಂಬ ವಾದವೂ, ಹಿಂದಿರುಗಿದವನಿಗೆ ಪ್ರಾಯಶ್ಚಿತ್ತವೆಂಬ ಗದ್ದಲವೂ ಆ ಕಾಲದವು. ಅವು ಇಲ್ಲಿ ನಮಗೆ ವಿಷಯವಲ್ಲ. ಒಂದು ಮಾತನ್ನು ಮಾತ್ರ ಹೇಳಬೇಕು. ಆ ಎರಡು ಮೂರು ವಾರಗಳು ವ್ಯರ್ಥವಾದ ಕಾಲವಾಗಿರಲಿಲ್ಲ. ಬಿಟ್ಟ ಮನೆಯನ್ನು ಮರೆಯುವುದಕ್ಕೂ ಸೇರುವ ದೇಶಕ್ಕೆ ಮನಸ್ಸನ್ನು ಅಣಿಮಾಡುವುದಕ್ಕೂ ಅವು ಉಪಯುಕ್ತವಾಗಿದ್ದುವು. ವಿನಾಯಕ ಕೃಷ್ಣ ಗೋಕಾಕರು ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದ ಆ ಪ್ರವಾಸದಿಂದಲೇ ಕನ್ನಡಕ್ಕೆ ‘ಸಮುದ್ರದಾಚೆಯಿಂದ’ ಎಂಬ ಗದ್ಯವೂ ‘ಸಮುದ್ರಗೀತೆಗಳು’ ಎಂಬ ಕವನಸಂಗ್ರಹವೂ ದೊರೆತುವು. ನಿಧಾನವಾದ ಪ್ರಯಾಣವು ಕಾವ್ಯಕ್ಕೆ ಹಿತವೆಂದು ತೋರುತ್ತದೆ.

ಇನ್ನು ಆಕಾಶಮಾರ್ಗ. ಪುಷ್ಪಕವಿಮಾನದ ಮಾತನ್ನು ಇಲ್ಲಿ ಎತ್ತಬೇಕೆಂದು ಕೆಲವರು ನಿರೀಕ್ಷಿಸಬಹುದು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಆ ವಿಮಾನದ ಮೇಲಿನಿಂದ ಸಮುದ್ರವೂ ನೆಲವೂ ಹೇಗೆ ಕಂಡುವೆಂಬುದರ ವರ್ಣನೆಯು ಎಷ್ಟು ರಮ್ಯವಾಗಿದ್ದರೂ, ಕಾವ್ಯಸತ್ಯವು ಬೇರೆ, ಇತಿಹಾಸಸತ್ಯವು ಬೇರೆ. ನಮ್ಮ ದೇಶದಲ್ಲಿ ವಿಮಾನದ ಮೂಲಕ ಟಪಾಲನ್ನು ಸಾಗಿಸಿದ ಮೊದಲನೆಯ ಸಂಗತಿಯು ನಡೆದುದು ೧೯೧೧ನೆಯ ಫೆಬ್ರವರಿ ೧೮ರಂದು, ಪ್ರಯಾಗದಿಂದ ಯಮುನೆಯಾಚೆಯ ನೈನಿಗೆ. ಆರು ಮೈಲಿಯಷ್ಟು ದೂರ, ಆರೂವರೆ ಸಾವಿರದಷ್ಟು ಕಾಗದಗಳು. ನಡೆಸಿದವನು ಆನ್ರಿ ಪೆಕೆ ಎಂಬ ಫ್ರೆಂಚನು. ಲೋಕದಲ್ಲಿಯೇ ಸರಕಾರದ ಅಂಗೀಕಾರದಿಂದ ನಡೆದ ಮೊದಲನೆಯ ವಿಮಾನಟಪಾಲು ಇದೆಂದು ಪ್ರಸಿದ್ಧಿ.

ಲಂಡನ್ನಿನಿಂದ ಭರತಖಂಡಕ್ಕೆ ಕ್ರಮಬದ್ಧವಾದ ವಿಮಾನಸಂಚಾರವು ಆರಂಭವಾದುದು ೧೯೨೯ನೆಯ ಮಾರ್ಚ್ ೩೦ರಂದು. ಇಂಪೀರಿಯಲ್ ಏರ್‌ವೇಸ್ ಕಂಪೆನಿಯವರ ಈ ಪ್ರಯಾಣವು ಕರಾಚಿಯವರೆಗೆ. ಹಿಡಿಯುತ್ತಿದ್ದ ಕಾಲ ಏಳು ದಿನ. ದರ ೧೩೦ ಪೌಂಡು. ಇದನ್ನು ಇಂದಿನ ವಿಮಾನಪ್ರಯಾಣದಂತೆ ಭಾವಿಸಬಾರದು. ಪ್ರಯಾಣಿಕನು ಕ್ರಾಯ್ಡನ್ನಿನಲ್ಲಿ ವಿಮಾನವನ್ನೇರಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಇಳಿಯಬೇಕು. ಅಲ್ಲಿಂದ ರೈಲಿನಲ್ಲಿ ಇಟಲಿಯ ಜಿನೋವಾಕ್ಕೆ ಬರಬೇಕು. ಅಲ್ಲಿ ನೀರಿನ ಮೇಲಿಂದ ಏಳುವ ದೋಣಿವಿಮಾನವನ್ನು ಹತ್ತಿ, ರೋಮ್, ನೇಪಲ್ಸ್, ಅಥೆನ್ಸ್ ಮುಂತಾದ ಕಡೆ ನಿಂತು ನಿಂತು ಅಲೆಕ್ಸಾಂಡ್ರಿಯಾವನ್ನು ಸೇರಬೇಕು. ಪುನಃ ನೆಲದ ವಿಮಾನದಲ್ಲಿ ಗಾಜಾ, ಬಾಗ್ದಾದ್, ಬಸ್ರಾಗಳ ಮೇಲೆ ಪಾರಸೀಕ ತೀರವನ್ನು ಹಿಡಿದು ಕರಾಚಿಗೆ ಬರಬೇಕು. ರಾತ್ರಿಯಾದರೆ ಇಳಿದು ಮಲಗಬೇಕು. ಬಾಗ್ದಾದಿನ ಕಡೆಯ ಮರುಭೂಮಿಯಲ್ಲಿ ಚಾಲಕನಿಗೆ ದಾರಿ ತಪ್ಪದಿರಲೆಂದು ನೆಲದ ಮೇಲೆ ನೇಗಿಲಿನಿಂದ ಉತ್ತಂತೆ ಗೆರೆಯನ್ನು ಎಳೆದಿದ್ದರು. ಆಕಾಶದಲ್ಲಿ ಹಾರುವವನು ಉಳುವವನ ಗೆರೆಯನ್ನು ನೋಡಿಕೊಂಡು ಹೋದನೆಂಬುದು ಎಷ್ಟು ಸೊಗಸಾದ ಸಂಗತಿ! ೧೯೩೨ರಲ್ಲಿ ಪಾರಸೀಕ ಸರಕಾರದ ಅನುಮತಿಯು ಮುಗಿಯಲಾಗಿ, ದಾರಿಯನ್ನು ಕೊಲ್ಲಿಯ ಈಚೆಯ ಅರಬ್ಬೀ ತೀರಕ್ಕೆ, ಶಾರ್ಜಾದ ಮೇಲೆ, ತಿರುಗಿಸಬೇಕಾಯಿತು. ಆಕಾಶಕ್ಕೂ ಬೇಲಿಯುಂಟೆಂಬುದು ಅಂದೇ ತಿಳಿದುಬಂದಿತು.

ಈ ಕಾಲದ ಒಂದು ಪ್ರಸಂಗವನ್ನು ಬಿಡಲಾಗದು. ಇಂಗ್ಲೆಂಡ್ ಹಾಗೂ ಭಾರತಗಳ ನಡುವೆ ಒಬ್ಬಂಟಿಗನಾಗಿ ವಿಮಾನವನ್ನು ನಡೆಸಿದ ಮೊದಲನೆಯ ಭಾರತೀಯನಿಗೆ ಆಗಾಖಾನರು ೫೦೦ ಪೌಂಡುಗಳ ಬಹುಮಾನವನ್ನು ಸಾರಿದ್ದರು. ೧೯೩೦ರಲ್ಲಿ ಕರಾಚಿಯಿಂದ ಹೊರಟ ಜೆ. ಆರ್. ಡಿ. ಟಾಟಾ ಅವರೂ ಇಂಗ್ಲೆಂಡಿನಿಂದ ಹೊರಟ ಆಸ್ಪಿ ಎಂಜಿನಿಯರ್ ಎಂಬ ತರುಣರೂ ಈಜಿಪ್ಟಿನಲ್ಲಿ ಸಂಧಿಸಿದರು. ಎಂಜಿನಿಯರರ ಯಂತ್ರಕ್ಕೆ ಬೇಕಾದ ಸ್ಪಾರ್ಕ್ ಪ್ಲಗ್ಗು ಇಲ್ಲದೆ ಅವರು ನಿಂತುಹೋಗಿದ್ದರು. ಪ್ರತಿಸ್ಪರ್ಧಿಯಾದ ಟಾಟಾ ಅವರು ತಮ್ಮಲ್ಲಿದ್ದುದನ್ನು ಕೊಟ್ಟರು. ಎಂಜಿನಿಯರರು ಮೊದಲು ಗುರಿಯನ್ನು ಮುಟ್ಟಿ ಬಹುಮಾನವನ್ನು ಪಡೆದರು. ಮುಂದೆ ಸ್ವತಂತ್ರಭಾರತದ ವಾಯುಸೇನೆಯ ಮುಖ್ಯಸ್ಥರೂ ಆದರು. ವೇಗದ ಇತಿಹಾಸದಲ್ಲಿ ಇಂತಹ ಒಂದು ನಿಲುಗಡೆಯು ಬಹಳ ಗೌರವಾರ್ಹವಾದುದು.

ಕರಾಚಿಗೆ ಬಂದ ಟಪಾಲನ್ನು ಮುಂದಕ್ಕೆ ಒಯ್ಯುವ ಕಾರ್ಯವು ೧೯೩೨ನೆಯ ಅಕ್ಟೋಬರ್ ೧೫ರಂದು ಆರಂಭವಾಯಿತು. ಟಾಟಾ ಅವರೇ ಒಂದು ಸಣ್ಣ ‘ಪಸ್ ಮಾತ್’ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಯ ಜುಹೂ ಬಯಲಿಗೆ ಬಂದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಎಣ್ಣೆಯ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದುವು. ಮುಂಬಯಿಯಿಂದ ನೆವಿಲ್ ವಿನ್ಸೆಂಟರು ಅದೇ ಟಪಾಲನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಕೊಂಡೊಯ್ದರು. ಹೀಗೆ ಲಂಡನ್ನಿನ ಆಕಾಶಮಾರ್ಗದ ಒಂದು ಮೆಟ್ಟಿಲು ನಮ್ಮ ಕನ್ನಡನಾಡಿನ ಬಳ್ಳಾರಿಯಲ್ಲಿ ಇದ್ದಿತೆಂಬುದನ್ನು ನಮ್ಮಲ್ಲಿ ಬಹಳ ಜನರು ನೆನೆಯುವುದಿಲ್ಲ. ಸಮುದ್ರವನ್ನೇ ಕಾಣದ ಬಿಸಿಲನಾಡಿನ ಊರಿಗೆ ಸಮುದ್ರದಾಚೆಯ ಓಲೆಯು ಹತ್ತು ರಾತ್ರಿಗಳೊಳಗೆ ಬರಲು ಸಾಧ್ಯವಾಯಿತು. ಪತ್ರದ ಮಟ್ಟಿಗೆ ದೇಶಾಂತರವು ಅಳಿದುದು ಈ ೧೯೨೯ ಮತ್ತು ೧೯೩೨ನೆಯ ವರ್ಷಗಳಲ್ಲಿ.

ಸಾಮಾನ್ಯನಾದ ಮನುಷ್ಯನ ದೇಹದ ಸರದಿಯು ಬಂದುದು ಸ್ವಾತಂತ್ರ್ಯಾನಂತರ. ೧೯೪೮ನೆಯ ಜೂನ್ ೮ರ ರಾತ್ರಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನವು ೩೫ ಪ್ರಯಾಣಿಕರೊಡನೆ ಮುಂಬಯಿಯಿಂದ ಹೊರಟು, ಕೈರೋ, ಜಿನೀವಾ ನಗರಗಳಲ್ಲಿ ಇಳಿದು, ಲಂಡನ್ನನ್ನು ಸೇರಿತು. ಎರಡು ರಾತ್ರಿಗಳೊಳಗಿನ ಪ್ರಯಾಣ. ೧೯೬೦ರಲ್ಲಿ ಬೋಯಿಂಗ್ ೭೦೭ ಎಂಬ ಜೆಟ್ ವಿಮಾನಗಳು ಬಂದು ಆ ಕಾಲವನ್ನೂ ಅರ್ಧಕ್ಕಿಳಿಸಿದುವು. ಈ ಲಾಭಕ್ಕೆ ತೆತ್ತ ಬೆಲೆಯನ್ನೂ ಮರೆಯಬಾರದು. ಅದೇ ‘ಮಲಬಾರ್ ಪ್ರಿನ್ಸೆಸ್’ ವಿಮಾನವು ೧೯೫೦ನೆಯ ನವೆಂಬರ್ ೩ರಂದು ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರಕ್ಕೆ ಅಪ್ಪಳಿಸಿ ೪೮ ಜನರು ಮಡಿದರು. ೧೯೬೬ನೆಯ ಜನವರಿ ೨೪ರಂದು ‘ಕಾಂಚನಜಂಗಾ’ ಎಂಬ ಬೋಯಿಂಗ್ ವಿಮಾನವು ಅದೇ ಪರ್ವತದಲ್ಲಿ ನಾಶವಾಗಿ ೧೧೭ ಜನರು ಅಳಿದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ವರ್ಷ ಅಧ್ಯಾಪಕರಾಗಿದ್ದ ಹೋಮಿ ಭಾಭಾ ಅವರು ಅವರಲ್ಲಿ ಒಬ್ಬರು.

ಈಗ ನಡುವೆ ಎಲ್ಲಿಯೂ ಇಳಿಯದೆ ಮುಂಬಯಿಯಿಂದ ಲಂಡನ್ನಿಗೆ ಹೋಗಲು ಸಾಧಾರಣವಾಗಿ ಒಂಬತ್ತೂವರೆ, ಹತ್ತು ಗಂಟೆಗಳು ಹಿಡಿಯುತ್ತವೆ. ಹಿಂದಿರುಗುವಾಗ, ಮೇಲ್ಗಾಳಿಯು ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ, ಸುಮಾರು ಒಂದು ಗಂಟೆ ಕಡಮೆ. ಹಾಯಿಹಡಗಿನ ೧೫೦ ದಿನಗಳೆಂದರೆ ೩,೬೦೦ ಗಂಟೆಗಳು. ಅದನ್ನು ಒಂಬತ್ತೂವರೆಯಿಂದ ಭಾಗಿಸಿದರೆ ಕಾಲವು ಸುಮಾರು ೩೮೦ ಪಾಲು ಕುಗ್ಗಿದೆ ಎಂದಾಯಿತು. ಇದರಲ್ಲಿ ದಾರಿಯು ನೇರವಾದುದರಿಂದ ಬಂದ ಲಾಭವು ಎರಡು ಮುಕ್ಕಾಲು ಪಾಲು; ವೇಗದಿಂದ ಬಂದ ಲಾಭವು ೧೩೮ ಪಾಲು. ಇವೆರಡನ್ನೂ ಗುಣಿಸಿದರೆ ಮೇಲಿನ ಸಂಖ್ಯೆಯು ಸಿದ್ಧಿಸುತ್ತದೆ. ಅಂದರೆ ಮನುಷ್ಯನು ಭೂಮಿಯನ್ನು ಬಹಳವಾಗಿ ಸಣ್ಣದು ಮಾಡಲಿಲ್ಲ. ತನ್ನ ಹೆಜ್ಜೆಯನ್ನು ದೊಡ್ಡದು ಮಾಡಿಕೊಂಡನು.

ಇಷ್ಟಕ್ಕೇ ಈ ಇತಿಹಾಸವನ್ನು ನಿಲ್ಲಿಸಿದರೆ ಅದು ಯಂತ್ರಗಳ ವಿಜಯಗಾಥೆಯಾಗುತ್ತದೆ. ಆದರೆ ಸತ್ಯವು ಅಷ್ಟು ಸರಳವಾಗಿಲ್ಲ. ಮೇಲೆ ಹೇಳಿದ ದಾರದ ಮಾರ್ಗವನ್ನು ಪುನಃ ಜ್ಞಾಪಿಸಿಕೊಳ್ಳೋಣ. ಅದು ಹಾದುಹೋಗುವ ಯುಕ್ರೇನ್ ದೇಶದ ಆಕಾಶವು ೨೦೨೨ನೆಯ ಫೆಬ್ರವರಿ ೨೪ರಂದು, ಯುದ್ಧದ ಕಾರಣದಿಂದ, ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿತು. ಪಾಕಿಸ್ತಾನವು ೨೦೧೯ರಲ್ಲಿ ಕೆಲವು ತಿಂಗಳು ತನ್ನ ಆಕಾಶವನ್ನು ಮುಚ್ಚಿತ್ತು. ೨೦೨೫ನೆಯ ಏಪ್ರಿಲಿನಲ್ಲಿ ಭಾರತದ ವಿಮಾನಗಳಿಗೆ ಪುನಃ ಮುಚ್ಚಿತು. ಹೀಗಿರಲಾಗಿ ನೇರವಾದ ಮಾರ್ಗವು ಭೂಗೋಲದ ಮೇಲೆ ಉಳಿಯಿತೇ ಹೊರತು ಆಕಾಶದಲ್ಲಿ ಉಳಿಯಲಿಲ್ಲ. ವಿಮಾನಗಳು ಬಳಸಿ ಹೋಗಬೇಕಾಯ್ತು. ಸಮುದ್ರದಲ್ಲಿಯೂ ಇದೇ ಗತಿ. ೧೯೬೭ನೆಯ ಜೂನ್ ತಿಂಗಳಿಂದ ೧೯೭೫ನೆಯ ಜೂನ್‌ವರೆಗೆ ಎಂಟು ವರ್ಷ ಸುಯೆಜ್ ಕಾಲುವೆಯು ಮುಚ್ಚಿದ್ದಿತು. ೨೦೨೩ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಆರಂಭವಾಗಲು, ಎಷ್ಟೋ ಸರಕಿನ ಹಡಗುಗಳು ವಾಸ್ಕೋ ಡ ಗಾಮನ ಹಳೆಯ ದಾರಿಯನ್ನೇ ಹಿಡಿದುವು. ಯಂತ್ರವು ಗೆದ್ದ ದೂರವನ್ನು ವೈರವು ಮರಳಿ ತರುತ್ತದೆ. ದೂರವು ಪ್ರಕೃತಿಯಿಂದ ಬಂದದ್ದು. ಕಾಲವಾದರೋ ಬಹುಮಟ್ಟಿಗೆ ಮನುಷ್ಯರ ಪರಸ್ಪರ ವಿಶ್ವಾಸದಿಂದ ಬಂದದ್ದು.

ಇನ್ನೊಂದು ಸಂಗತಿಯು ಇದಕ್ಕಿಂತ ಸೂಕ್ಷ್ಮವಾಗಿದೆ. ಹಡಗುಗಳ ಕಾಲದಲ್ಲಿ, ಮೊದಲನೆಯ ಮಹಾಯುದ್ಧಕ್ಕೆ ಮುಂಚೆ, ರಹದಾರಿಪತ್ರಗಳ ನಿರ್ಬಂಧವು ಈಗಿನಷ್ಟು ಇರಲಿಲ್ಲ. ದಾರಿಯು ಉದ್ದವಾಗಿತ್ತು, ಬಾಗಿಲು ಅಗಲವಾಗಿತ್ತು. ೧೯೬೦ರಲ್ಲಿ ಜೆಟ್ ವಿಮಾನವು ದಾರಿಯನ್ನು ಮೊಟಕುಮಾಡಿತು. ಎರಡೇ ವರ್ಷಗಳ ತರುವಾಯ, ೧೯೬೨ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಕಾಮನ್‌ವೆಲ್ತ್ ರಾಷ್ಟ್ರಗಳವರ ಪ್ರವೇಶಕ್ಕೆ ಮಿತಿಗಳನ್ನು ಹಾಕುವ ಕಾಯಿದೆಯನ್ನು ಮಾಡಿತು. ಅಲ್ಲಿಂದೀಚೆಗೆ ದಾರಿಯು ಕಿರಿದಾದಂತೆಲ್ಲ ಬಾಗಿಲೂ ಕಿರಿದಾಗುತ್ತ ಬಂದಿದೆ. ಹತ್ತು ಗಂಟೆಗಳ ಪ್ರಯಾಣಕ್ಕೆ ವೀಸಾ ಎಂಬ ಅನುಮತಿಗಾಗಿ ವಾರಗಟ್ಟಲೆ ಕಾಯುವ ತಂದೆತಾಯಿಗಳು ನಮ್ಮ ನೆರೆಹೊರೆಯಲ್ಲಿಯೇ ಇದ್ದಾರೆ. ಸುದ್ದಿಯು ನಿಮಿಷದಲ್ಲಿ ಬರುತ್ತದೆ; ಮುಖವೂ ಯಂತ್ರದಲ್ಲಿ ಕಾಣುತ್ತದೆ; ದೇಹವು ಒಂದು ದಿನದೊಳಗೆ ಬರಬಲ್ಲದು; ಅನುಮತಿಯು ಮಾತ್ರ ಹತ್ತು ರಾತ್ರಿಗಳನ್ನು ಎಷ್ಟೋ ಸಲ ಮೀರುತ್ತದೆ. ಆದುದರಿಂದ ಆ ಪುರಾತನ ಲಕ್ಷಣವನ್ನು ಇಂದು ಪುನಃ ಬರೆಯುವ ಶಾಸ್ತ್ರಕಾರನಿದ್ದರೆ, ಹತ್ತು ರಾತ್ರಿಗಳೊಳಗಾಗಿ ಎಲ್ಲಿಗೆ ಹೋಗಲು ಅಪ್ಪಣೆ ದೊರೆಯಲಾರದೋ ಅದು ದೇಶಾಂತರವು ಎಂದು ಬರೆಯಬೇಕಾದೀತು. ಆ ಲಕ್ಷಣದಂತೆ ನೋಡಿದರೆ ಲಂಡನ್ ಸುದ್ದಿಗೆ ೧೮೭೦ರಲ್ಲಿಯೂ, ಪತ್ರಕ್ಕೆ ೧೯೨೯ರಲ್ಲಿಯೂ, ದೇಹಕ್ಕೆ ೧೯೪೮ರಲ್ಲಿಯೂ ಹತ್ತಿರವಾಗಿ, ಹಲವರಿಗೆ ಇನ್ನೂ ದೂರವಾಗಿಯೇ ಉಳಿದಿದೆ.

ಕೊನೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ಈ ಬಗೆಯ ಇತಿಹಾಸವು ದೊಡ್ಡ ಗ್ರಂಥಗಳಲ್ಲಿ ಅರ್ಧವೇ ಇರುತ್ತದೆ. ಉಳಿದರ್ಧವು ಮನೆಗಳ ಪೆಟ್ಟಿಗೆಗಳಲ್ಲಿದೆ. ಹಡಗಿನಲ್ಲಿ ಹೋದ ಹಿರಿಯರು ಬರೆದ ಓಲೆಗಳು, ಏಡನ್ನಿನ ಮುದ್ರೆಯುಳ್ಳ ಲಕೋಟೆಗಳು, ವಿಮಾನಟಪಾಲಿನ ತೆಳ್ಳನೆಯ ನೀಲಿ ಕಾಗದಗಳು, ಪ್ರಯಾಣದ ಚೀಟಿಗಳು, ದಿನಚರಿಗಳು ನಿಮ್ಮಲ್ಲಿ ಇದ್ದರೆ ಗೆದ್ದಲಿಗೆ ಒಪ್ಪಿಸಬೇಡಿರಿ. ಬರೆದ ತಾರೀಖನ್ನೂ ತಲಪಿದ ಮುದ್ರೆಯ ತಾರೀಖನ್ನೂ ಪಕ್ಕಪಕ್ಕದಲ್ಲಿ ಗುರುತುಮಾಡಿಕೊಂಡರೆ ಪ್ರತಿಯೊಂದು ಲಕೋಟೆಯೂ ಒಂದು ಶಾಸನವಾಗುತ್ತದೆ. ಅಂತಹವುಗಳ ಪ್ರತಿಗಳನ್ನು ನಮ್ಮ ಸಂಘಕ್ಕೆ ಒದಗಿಸಿದರೆ, ನಮ್ಮ ಜಿಲ್ಲೆಯ ಮನೆಗಳಿಗೆ ಯಾವ ದೇಶವು ಯಾವ ವರ್ಷದಲ್ಲಿ ದೇಶಾಂತರವಾಗಿರುವುದನ್ನು ಬಿಟ್ಟಿತೆಂಬುದನ್ನು ಇನ್ನಷ್ಟು ನಿಶ್ಚಯವಾಗಿ ಬರೆಯಬಹುದು.